ಬೈಗುಳಕ್ಕೆ ಹಾಜರಿ ಹಾಕಿದವರು

ಕಟ್ಟಡ ಹಂಚಿಕೆಯ ಅಧಿಕಾರಿಗಳಾದ ಮಾನ್ಯರೇ,

ಬೀದಿದೀಪ, ಚರಂಡಿ, ಸೋರುವ ನಲ್ಲಿ ಎಂದು ನಾನು ಹಿಂದೆ ಕೊಟ್ಟ ಹತ್ತು ಅರ್ಜಿಗಳ ಮೇಲೂ ತಾವು ಸುಖವಾಗಿ ನಿದ್ದೆ ಮಾಡಿದಿರಿ. ಹನ್ನೊಂದನೆಯದಕ್ಕೆ ಮಾತ್ರ ಹದಿನೈದೇ ದಿನದಲ್ಲಿ ಆದೇಶ ಹೊರಡಿಸಿದ್ದೀರಿ. ನನ್ನ ಹಣೆಬರಹ ನೋಡಿ, ಅದೊಂದನ್ನು ಮಾಡಬಾರದಿತ್ತು.

ನನ್ನ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಕೊಂಡೇ ಮಾಜಿ ಸೈನಿಕರ ಸಂಘದ ಕೋಣೆ. ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ನಿಂತು ಹಾಜರಿ ಕೂಗುತ್ತಾರೆ. ಯುದ್ಧ ಮುಗಿದಿದೆ ಎಂದು ಇವರಿಗೆ ಯಾರೂ ತಿಳಿಸಿದಂತಿಲ್ಲ. ಫಿರಂಗಿಯ ಪಕ್ಕ ನಿಂತು ಕಿವಿ ಕಳೆದುಕೊಂಡವರೊಬ್ಬರು ತಮ್ಮ ಹೆಸರಿಗೆ ಸುಮ್ಮನಿದ್ದು, ಮುಂದಿನವರ ಹೆಸರಿಗೆ "ಹಾಜರ್" ಎನ್ನುತ್ತಾರೆ. ಮತ್ತೆ ಮೊದಲಿನಿಂದ ಶುರು. ಅಂಗಡಿಯ ಹಿಂದೆ ಒಂಟಿಯಾಗಿ ಮಲಗುವ ನಾನು ದಿನವೂ ಕಿಟಕಿ ತೆರೆದು ಅವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಅಷ್ಟು ಸಾಲದೆ ನಿಮಗೆ ಅರ್ಜಿ: ಈ ಮುದುಕರಿಂದ ಊರಿಗೆ ಪ್ರಯೋಜನವಿಲ್ಲ, ಕೋಣೆ ಖಾಲಿ ಮಾಡಿಸಿ.

ಕಳೆದ ಮಂಗಳವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟ ಮುರಿದಿತ್ತು, ಕೂಗಲು ದನಿ ಏಳಲಿಲ್ಲ. ಆಚೆ ಹಾಜರಿ ಮುಗಿಯಿತು. ಐದೇ ನಿಮಿಷಕ್ಕೆ ನನ್ನ ಬಾಗಿಲಿನ ಚಿಲಕ ಕಿತ್ತುಬಂತು. ಒಳಗೆ ಬಂದವರು ಸಂಘದ ಕುಂಟು ಕಾರ್ಯದರ್ಶಿ ಮತ್ತು ಆ ಕಿವುಡರು.

ಹೇಗೆ ಗೊತ್ತಾಯಿತೆಂದು ಕೇಳಿದೆ.

"ಇವತ್ತು ನೀವು ಬೈಲಿಲ್ವಲ್ಲ ಯಜಮಾನ್ರೇ," ಎಂದರು ಕಾರ್ಯದರ್ಶಿ. "ನಿಮ್ಮ ಮನೆಯವ್ರು ತೀರಿಕೊಂಡಾಗಿಂದ ನಮ್ಮ ಪುಸ್ತಕದ ಕೊನೇ ಸಾಲು ನಿಮ್ದೇ. ನೀವು ಬೈದ್ರೆ ಹಾಜರ್ ಅಂತ ಬರ್ಕೋತೀವಿ. ದನಿ ಬರ್ಲಿಲ್ಲ ಅಂದ್ರೆ ಇಬ್ರು ಹೋಗಿ ನೋಡ್ಬೇಕು."

"ಇವರ ಬೈಗುಳ ಒಂದು ನಂಗೂ ಕೇಳ್ಸುತ್ತೆ," ಎಂದರು ಕಿವುಡರು, ಮೆಚ್ಚುಗೆಯಿಂದ.

ಅಂಗಳದಲ್ಲಿದ್ದ ಉಳಿದವರೂ ಸೇರಿ ನನ್ನನ್ನು ಇಸ್ತ್ರಿ ಹಲಗೆಯ ಮೇಲೆ ಮಲಗಿಸಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಆಸ್ಪತ್ರೆಗೆ ಹೊತ್ತರು. ದಾರಿಯಲ್ಲಿ ತಡೆಯಲಾರದೆ, ಅರ್ಜಿ ಕೊಟ್ಟವನು ನಾನೇ ಎಂದುಬಿಟ್ಟೆ.

"ಗೊತ್ತು ಬಿಡಿ," ಎಂದರು ಕಾರ್ಯದರ್ಶಿ. "ಆದೇಶದ ಜೊತೆ ಅರ್ಜಿ ನಕಲೂ ಬಂದಿತ್ತು. ಓದಿದ್ರೆ ನಿಮ್ಮ ದನಿಯೇ ಕೇಳ್ತಿತ್ತು. ಅಲುಗಾಡಬೇಡಿ."

ಮಾನ್ಯರೇ, ಸಂಘದಲ್ಲಿ ಯಾವ ಸೇವೆಯೂ ಕಾಣಲಿಲ್ಲ ಎಂದು ನಿಮ್ಮ ಪರಿಶೀಲಕರು ಬರೆದಿದ್ದಾರೆ. ಹನ್ನೊಂದು ಗಂಟೆಗೆ ಬಂದರೆ ಏನು ಕಂಡೀತು? ಅಷ್ಟು ಹೊತ್ತಿಗೆ ಒಬ್ಬರು ಕಣ್ಣು ಕಾಣದ ಗೆಳೆಯನನ್ನು ವೈದ್ಯರ ಬಳಿ ಕರೆದೊಯ್ದಿರುತ್ತಾರೆ, ಇನ್ನೊಬ್ಬರು ಸೈನಿಕನ ವಿಧವೆಯೊಂದಿಗೆ ನಿಮ್ಮದೇ ಕಚೇರಿಯ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ನಿಮ್ಮ ಬಾಗಿಲು ತೆರೆದು ನೋಡಿದ್ದರೂ ಸಾಕಿತ್ತು.

ಸೋಮವಾರ ಕೋಣೆ ಖಾಲಿ ಮಾಡಬೇಕೆಂಬ ಆದೇಶವನ್ನು ಹಿಂಪಡೆಯಿರಿ. ನನ್ನ ಹನ್ನೊಂದನೆಯ ಅರ್ಜಿಯನ್ನು ಉಳಿದ ಹತ್ತರ ಜೊತೆ ಮಲಗಿಸಿ. ಇಲ್ಲವಾದರೆ ಮಂಗಳವಾರದಿಂದ ನಾನು ಬೈದರೂ ಕೇಳುವವರಿಲ್ಲ, ಬೈಯದಿದ್ದರೆ ಬರುವವರಿಲ್ಲ.

ಇಂತಿ,
ಆಸ್ಪತ್ರೆಯ ಮಂಚದಿಂದಲೂ ಆರೂವರೆಗೆ ಸರಿಯಾಗಿ ಫೋನಿನಲ್ಲಿ ಬೈದು ಹಾಜರಿ ಹಾಕಿಸುತ್ತಿರುವ,
ಕೊನೇ ಸಾಲಿನ ದರ್ಜಿ