ಹುಕ್ಕು ಯಾವುದಕ್ಕೆ?

ಮಾರ್ಚ್ 4, ಬೆಳಿಗ್ಗೆ 7.40

ಸೇಫ್ಟಿ ಬೆಲ್ಟ್ ಎಣಿಸಿದೆ. ಒಂಬತ್ತು ಜನ, ಒಂಬತ್ತು ಬೆಲ್ಟು. ಹುಕ್ಕು, ಹಗ್ಗ ಎಲ್ಲ ಸರಿ. ನಾಳೆಯಿಂದ ಕಟ್ಟಡದ ಸುತ್ತ ಪೈಪಿನಲ್ಲಿ ಕಟ್ಟಿದ ಸಾರುವೆ ಬಿಚ್ಚುವ ಕೆಲಸ, ಎಂಟನೇ ಮಹಡಿಯಿಂದ ಕೆಳಕ್ಕೆ. ಮೇಸ್ತ್ರಿ ನಮ್ಮ ಭಾವನೇ. ಸೇಫ್ಟಿ ನೋಡಿಕೊಳ್ಳುವವಳು ನಾನು. "ನೀನಿದೀಯಲ್ಲ, ಅವರ ಚಿಂತೆ ನನಗಿಲ್ಲ" ಎಂದು ಅಕ್ಕ ಹಾಯಾಗಿದ್ದಾಳೆ. ಆ ಚಿಂತೆಯೆಲ್ಲ ಈಗ ನನ್ನ ತಲೆಗೆ.

ಮಾರ್ಚ್ 5, ಮಧ್ಯಾಹ್ನ

ಎದುರು ಕಟ್ಟಡದ ಟೆರೇಸಿನಿಂದ ನೋಡುತ್ತ ಕೂತಿದ್ದೆ, ಒಂದು ಗಂಟೆ. ಭಾವ ಪ್ರತಿ ಸಲವೂ ಹುಕ್ಕು ಹಾಕುತ್ತಾರೆ. ಮರೆಯುವುದೇ ಇಲ್ಲ. ಖುಷಿಯಾಯಿತು. ಆಮೇಲೆ ತಲೆಯೊಳಗೆ ಹುಳ ಹೊಕ್ಕಿತು — ಹಾಕುವುದು ಯಾವುದಕ್ಕೆ? ಕೈಗೆ ಎಟುಕುವ ಪೈಪಿಗೆ. ಬಿಚ್ಚಲು ಸ್ಪ್ಯಾನರ್ ಹೋಗುವುದೂ ಕೈಗೆ ಎಟುಕುವ ಪೈಪಿಗೇ... ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅದೇ ಪೈಪು. ಫೋನ್ ಮಾಡಿ ಎಲ್ಲರನ್ನೂ ಕೆಳಗಿಳಿಸಿದೆ.

ಅದೇ ದಿನ, ಸಂಜೆ 5

ಭಾವನಿಗೆ ಸಿಟ್ಟು. "ಹುಕ್ಕು ಹಾಕಿ ಅಂದೆ, ಹಾಕಿದ್ವಿ. ಇನ್ನೇನು, ತೊಟ್ಟಿಲು ಕಟ್ಟಿಸ್ಕೊಡ್ತೀಯಾ?"

ವಾದ ಮಾಡಲಿಲ್ಲ. ನೆಲದ ಮೇಲೆ ಎರಡು ಕಂಬ ನಿಲ್ಲಿಸಿ, ನಡುವೆ ಒಂದು ಅಡ್ಡ ಪೈಪು ಹಾಕಿಸಿದೆ. ಮೇಲೆ ಹೇಗೋ ಹಾಗೇ ಬಿಚ್ಚಿ ಎಂದೆ. ಭಾವ ಆ ಅಡ್ಡ ಪೈಪಿಗೇ ಹುಕ್ಕು ಹಾಕಿದರು. ಪೈಪನ್ನು ಕಂಬಕ್ಕೆ ಬಿಗಿದಿದ್ದ ಎಡಗಡೆಯ ಕ್ಲಾಂಪ್ ಬಿಚ್ಚಿದರು, ಬಲಗಡೆಯದೂ ಬಿಚ್ಚಿದರು. ಪೈಪು ಕೈಗೆ ಬಂತು.

"ಈಗ ನಿಮ್ಮನ್ನ ಹಿಡ್ಕೊಂಡಿರೋದು ಯಾವುದು ಭಾವ?"

"ಪೈಪು."

"ಪೈಪನ್ನ?"

"ನಾನು..."

ಸುತ್ತ ನಿಂತವರು ನಕ್ಕರು. ಭಾವ ನಗಲಿಲ್ಲ. ಪೈಪನ್ನು ಕೆಳಗಿಡಲೂ ಇಲ್ಲ.

ಮಾರ್ಚ್ 8, ಬೆಳಿಗ್ಗೆ

ಎರಡು ದಿನ ಕೆಲಸ ನಿಂತಿತ್ತು. ಮ್ಯಾನೇಜರ್ ಮುಖ ಗಂಟು. ಇರಲಿ. ಕಟ್ಟಡದ ಕಾಂಕ್ರೀಟ್ ಕಂಬಗಳಿಗೆ ಉಕ್ಕಿನ ಹಗ್ಗ ಬಿಗಿಸಿಯಾಯಿತು. ಇನ್ನು ಹುಕ್ಕು ಅದಕ್ಕೇ. ನೆಲದ ಮೇಲಿನ ಪಾಠವನ್ನು ಭಾವನೇ ಒಬ್ಬೊಬ್ಬರಿಗೂ ಮಾಡಿಸಿದರು. ಯಾರನ್ನೂ ನಗಲು ಬಿಡಲಿಲ್ಲ.

ಅದೇ ದಿನ, ಸಂಜೆ

ಎಲ್ಲ ಹೋದ ಮೇಲೆ ಭಾವ ಬಂದು ಪಕ್ಕದಲ್ಲಿ ಕೂತರು. ಮದುವೆಗೆ ಮೊದಲಿನ ಮಾತು ತೆಗೆದರು. ಜೊತೆಗಾರನೊಬ್ಬ ಸಾರುವೆ ಬಿಚ್ಚುವಾಗ ಬಿದ್ದು ಸತ್ತನಂತೆ.

"ಬೆಲ್ಟ್ ಇತ್ತು. ಹುಕ್ಕೂ ಹಾಕಿದ್ದ. ಹೆಂಗೆ ಬಿದ್ದ ಅಂತ ಹನ್ನೆರಡು ವರ್ಷ ಯೋಚ್ನೆ ಮಾಡಿದೀನಿ. ಪೈಪೂ ಅವನ ಜೊತೆನೇ ಬಿದ್ದಿತ್ತು."

ತಮ್ಮ ಬೆಲ್ಟಿನ ಹುಕ್ಕನ್ನು ಕೈಗೆ ತೆಗೆದುಕೊಂಡರು.

"ಅವನಿಗೆ ಹುಕ್ಕು ಎಲ್ಲಿ ಹಾಕ್ಬೇಕು ಅಂತ ತೋರಿಸ್ಕೊಟ್ಟೋನು ನಾನೇ."

ನಾನು ನಾಳೆಯ ಒಂಬತ್ತು ಬೆಲ್ಟುಗಳನ್ನು ನಡುವೆ ಹಾಕಿದೆ, ಇಬ್ಬರೂ ಕೂತು ಒಂದೊಂದೇ ಹುಕ್ಕು ನೋಡಿದೆವು.