ನಾಲ್ಕನೇ ಟ್ರೇ

ಮೇ 19, ಸೋಮವಾರ

ಇವತ್ತು ಹದಿನಾರು ಟ್ರೇ. ಒಂದೊಂದರ ಒದ್ದೆ ಮರಳಿನಲ್ಲಿ ನೂರು ಶೇಂಗಾ ಬೀಜ. ಊಟದ ಹೊತ್ತಿಗೆ ಹನ್ನೊಂದು ಮುಗಿಸಿದೆ. ನೆಟ್ಟಗೆ ಮೊಳೆತದ್ದು ಒಂದು ಕಡೆ, ಸೊಟ್ಟಗಿರುವುದು ಒಂದು ಕಡೆ, ಕೊಳೆತದ್ದು ಒಂದು ಕಡೆ. ಪಕ್ಕದ ಟೇಬಲ್ಲಿನ ಸುಮಾ ಕೇಳಿದಳು, “ಯಮುನಕ್ಕ, ಕನಸಲ್ಲೂ ಎಣಿಸ್ತೀಯೇನು?” ಎಣಿಸುತ್ತೇನೆ. ಅವಳಿಗೆ ಹೇಳಲಿಲ್ಲ.

ನಾಲ್ಕು ಗಂಟೆಗೆ ನಿರಂಜನ್ ಸರ್ ರೂಮಿನ ಮುಂದೆ ಹಾದು ಹೋಗುವಾಗ ನನ್ನ ಹೆಸರು ಕೇಳಿಸಿತು. ಸರ್ ಮ್ಯಾನೇಜರ್ ಆಗಿ ಬಂದು ಎರಡೇ ತಿಂಗಳು. ಫೋನಿನಲ್ಲಿ ಹೆಡ್ ಆಫೀಸಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ, ಅದೇ ವಿಷಯ ಇರಬೇಕು. ಒಳಗೆ ಫ್ಯಾನ್, ಹೊರಗೆ ಮಷಿನ್ನಿನ ಗುಂಯ್ ಸದ್ದು. “ಯಮುನಾ... ವೆರಿ...” ಆಮೇಲೆ ಏನೋ ಜೆಂಟ್.

ನೆಗ್ಲಿಜೆಂಟ್. ಬೇರೆ ಇನ್ನೇನಿರುತ್ತದೆ?

ಉಳಿದ ಐದು ಟ್ರೇ ಹೇಗೆ ಎಣಿಸಿದೆನೋ. ಇಲ್ಲ, ಸರಿಯಾಗಿಯೇ ಎಣಿಸಿದೆ. ಎರಡೆರಡು ಸಲ.

ಮೇ 20, ಮಂಗಳವಾರ. ಬೆಳಿಗ್ಗೆ 6.15

ರೊಟ್ಟಿ ತಟ್ಟುತ್ತಾ ಗಂಡ ಹನುಮೇಶ್‌ಗೆ ಕೇಳಿದೆ, ನೆಗ್ಲಿಜೆಂಟ್ ಅಂದರೆ ಸರಿಯಾಗಿ ಏನು ಅಂತ.

“ರ್‍ಯಾಶ್ ಅಂಡ್ ನೆಗ್ಲಿಜೆಂಟ್. ಬಸ್ ಓಡ್ಸೋನಿಗೆ ಅದು ಗೊತ್ತಿಲ್ದೆ ಇರ್ತೈತಾ? ಯಾರಿಗಾರ ಗುದ್ದಿದ್ರೆ ಪೊಲೀಸ್ನೋರು ಬರ್ಕಳೋದೇ ಅದು. ಯಾಕೆ?”

“ಸುಮ್ನೆ.”

“ಸುಮ್ನೆ ಯಾರಾದ್ರೂ ಅದ್ನ ಕೇಳ್ತಾರಾ?”

ರೊಟ್ಟಿ ಹೊತ್ತಿತು. ಅದೂ ನೆಗ್ಲಿಜೆಂಟೇ. ಆರು ವರ್ಷ ಆಯಿತು ಈ ಲ್ಯಾಬಿಗೆ ಸೇರಿ. ರೈತರು ಬೀಜ ತರುತ್ತಾರೆ, ಮೊಳೆಸಿ ನೋಡಿ ಪಾಸೋ ಫೇಲೋ ಹೇಳುತ್ತೇವೆ. ಒಂದು ದಿನವೂ ಒಂದು ಬೀಜ ಹೆಚ್ಚು ಕಡಿಮೆ ಮಾಡಿಲ್ಲ. ಎಲ್ಲಿ ತಪ್ಪಿದೆ?

ಮೇ 22, ಗುರುವಾರ

ನಗು ತಡೆಯಲು ಆಗುತ್ತಿಲ್ಲ. ಒಬ್ಬಳೇ ಕೂತು ನಗುತ್ತಿದ್ದೇನೆ.

ಸರ್ ಕರೆದು ಫಾರ್ಮ್ ಕೊಟ್ಟರು, ಓದಿ ಸೈನ್ ಹಾಕಿ ಎಂದರು. ರಿಮಾರ್ಕ್ಸ್ ಎಂಬ ಕಡೆ ಅವರ ಕೈಬರಹ. ನಾನು ಹುಡುಕಿದ್ದು ಎನ್. ಅಲ್ಲಿದ್ದದ್ದು ಡಿ. ಯಮುನಾ ಈಸ್ ಎ ಡಿಲಿಜೆಂಟ್ ವರ್ಕರ್.

ಅರ್ಥ ಗೊತ್ತಿಲ್ಲ. ಆದರೆ ಆ ಇನ್ನೊಂದಲ್ಲ! ಸೈನ್ ಹಾಕಿ ಹೊರಗೆ ಬಂದು ನೀರಿನ ಟ್ಯಾಂಕಿನ ಹಿಂದೆ ನಿಂತು ಮೊಬೈಲಿನಲ್ಲಿ ನೋಡಿದೆ. ಶ್ರದ್ಧೆಯುಳ್ಳ. ಪರಿಶ್ರಮಿ. ಜಾಗರೂಕ. ಮೂರು ಪದ ಬೇಕಾಯಿತು ಒಂದಕ್ಕೆ.

ಟ್ರೇ ತೊಳೆಯುತ್ತಿದ್ದ ಬರಗೇರಮ್ಮ ತಲೆ ಎತ್ತಿ ನೋಡಿದರು. “ಏನವ್ವ, ಲಾಟ್ರಿ ಹೊಡೀತಾ?”

ಮೇ 25, ಭಾನುವಾರ

ಮನೆಯಲ್ಲಿ ಆ ಪದದ್ದೇ ಆಟ. ಹನುಮೇಶ್ ಬೆಳಿಗ್ಗೆಯಿಂದ ಬಿಟ್ಟಿಲ್ಲ. ಬಸ್ಸಿನ ಬ್ರೇಕು ಡಿಲಿಜೆಂಟಂತೆ. ಮುದ್ದೆ ಡಿಲಿಜೆಂಟಾಗಿ ಬಂದಿದೆಯಂತೆ.

“ಹಂಗೆಲ್ಲ ಹೇಳಂಗಿಲ್ಲ. ಮನುಷ್ಯರಿಗೆ ಹೇಳೋದು ಅದು,” ಎಂದೆ.

“ಸರಿ. ಎತ್ತು ದಿನಾ ದುಡೀತೈತೆ. ಎತ್ತು ಡಿಲಿಜೆಂಟಾ?”

ಯೋಚಿಸಬೇಕಾಯಿತು. ಎತ್ತು ಹಾರ್ಡ್‌ವರ್ಕಿಂಗ್. ದುಡಿಯುತ್ತದೆ, ಆದರೆ ಸಾಲು ಸೊಟ್ಟಗಾಯಿತಾ ಅಂತ ತಿರುಗಿ ನೋಡುವುದಿಲ್ಲ. ಹಾಗೆಂದೆ. ಮೀಸೆ ತಿರುವಿಕೊಂಡು, “ಹಂಗಾರೆ ಕನ್ನಡಿ ನೋಡ್ಕಂಡು ಗಾಡಿ ಹಿಂದಕ್ಕೆ ತಗಳ್ತೀನಲ್ಲ, ನಾನು ಡಿಲಿಜೆಂಟು,” ಎಂದರು. ಇರಲಿ.

ನೋಟ್‌ಬುಕ್ಕಿನಲ್ಲಿ ಹತ್ತು ವಾಕ್ಯ ಬರೆದೆ. ಐ ಆ್ಯಮ್ ಡಿಲಿಜೆಂಟ್. ಶಿ ಈಸ್ ಡಿಲಿಜೆಂಟ್. ಬರೆಯುತ್ತಾ ಹೋದಂತೆ ಮೊದಲನೆಯದೇ ಚೆಂದ ಕಾಣಿಸಿತು.

ಮೇ 26, ಸೋಮವಾರ

ಧರ್ಮಪುರದ ಹತ್ತಿರದಿಂದ ಚಿಕ್ಕತಿಮ್ಮಪ್ಪ ಎಂಬವರು ಬೀಜದ ಸ್ಯಾಂಪಲ್ ತಂದರು. ಅರವತ್ತರ ಮೇಲಿನ ವಯಸ್ಸು. ಗಂಡ ಹೆಂಡತಿ ಇಬ್ಬರೂ ಕೂತು ಕಾಯಿ ಒಂದೊಂದೇ ಆರಿಸಿದ್ದಂತೆ, ಇಪ್ಪತ್ತೆರಡು ದಿನ. ಪಾಸಾದರೆ ಸುತ್ತಲ ಹಳ್ಳಿಗಳಿಗೆ ಬಿತ್ತನೆಗೆ ಅವರ ಬೀಜವೇ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ನನ್ನ ಕೈಗೆ ಸುರಿದು, “ನೋಡ್ರಿ ತಾಯಿ, ಹೆಂಗವೆ,” ಎಂದರು. ಒಂದೇ ಗಾತ್ರ, ಒಂದೇ ಬಣ್ಣ.

ನಾಲ್ಕು ಟ್ರೇ ಇಟ್ಟೆ.

ಮೇ 31, ಶನಿವಾರ

ಐದನೇ ದಿನ, ಮೊದಲ ಎಣಿಕೆ. ಮೊಳೆತದ್ದನ್ನು ಕಿತ್ತು ತೆಗೆದು ಸಂಖ್ಯೆ ರಫ್ ಬುಕ್ಕಿಗೆ ಬರೆಯಬೇಕು. ಉಳಿದದ್ದು ಹತ್ತನೇ ದಿನ. ಆಮೇಲೆ ಎರಡನ್ನೂ ಕೂಡಿಸಿ ರಿಜಿಸ್ಟರಿಗೆ. ಇವತ್ತು ಇಪ್ಪತ್ತು ಟ್ರೇ. ಬೆನ್ನು ನೋವು.

ಜೂನ್ 5, ಗುರುವಾರ

ಕಾಂಟ್ರಾಕ್ಟ್ ರಿನ್ಯೂ ಆಯಿತು! ಎರಡು ವರ್ಷ. ಊಟ ಆದ ಮೇಲೆ ಮೇಲ್ ಬಂತು, ಸರ್ ತಾವೇ ಬಂದು ಹೇಳಿದರು. ಎಲ್ಲರ ಮುಂದೆ ಆ ಪದವನ್ನೂ ಹೇಳಿದರು. ಸುಮಾ ಮಂಡಕ್ಕಿ ಮಿರ್ಚಿ ತರಿಸಿದಳು. ಹನುಮೇಶ್‌ಗೆ ಫೋನ್ ಮಾಡಿದೆ, ತಂಗಿಗೆ ಮಾಡಿದೆ, ಮತ್ತೆ ಹನುಮೇಶ್‌ಗೇ ಮಾಡಿದೆ. ನಡುನಡುವೆ ಹತ್ತನೇ ದಿನದ ಎಣಿಕೆ.

ಧರ್ಮಪುರದ ಬೀಜದ ಲಾಟು ಫೇಲ್. 76, 73, 75, 41. ಸರಾಸರಿ 66. ಎಪ್ಪತ್ತು ಬೇಕು. ನೋಡೋಕೆ ಅಷ್ಟು ಚೆಂದ ಇತ್ತು, ಪಾಪ.

ಸಂಜೆ ಹೊಸ ಪೆನ್ನು ಕೊಂಡೆ.

ಜೂನ್ 6, ಶುಕ್ರವಾರ

ಚಿಕ್ಕತಿಮ್ಮಪ್ಪ ರಿಪೋರ್ಟ್ ತಗೊಂಡು ಹೋದರು. ಜಗಳ ಆಡಲಿಲ್ಲ. ಕಾಗದ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, “ನೀವು ಎಣಿಸಿದ್ ಮೇಲೆ ಮುಗೀತು ಬಿಡ್ರಿ. ಎಣ್ಣೆ ಮಿಲ್ಲಿಗೆ ಹಾಕ್ತೀನಿ,” ಎಂದರು. ಬಾಗಿಲ ತನಕ ಹೋಗಿ ತಿರುಗಿ ಬಂದರು. ಬಿಟ್ಟು ಹೋಗಿದ್ದ ಟವೆಲ್ ತಗೊಂಡರು.

ಜೂನ್ 9, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯಬೇಕು.

ಬೆಳಿಗ್ಗೆ ಬರಗೇರಮ್ಮ ಟ್ರೇ ತೊಳೆಯುತ್ತಾ ಕೇಳಿದರು, “ಆ ಧರ್ಮಪುರದ ಅಜ್ಜಂದು ಯಾಕವ್ವ ಫೇಲಾಯ್ತು?”

“ನಾಲ್ಕನೇ ಟ್ರೇ ಸರಿಯಾಗಿ ಮೊಳೀಲಿಲ್ಲ.”

“ನಾಲ್ಕನೇದಾ? ಐದನೇ ದಿನಕ್ಕೇ ಅದರಾಗಿಂದ ಒಂದು ಬೊಗಸೆ ಮೊಳಕೆ ತಿಪ್ಪೆಗೆ ಹಾಕಿದ್ನಲ್ಲ. ದಪ್ಪ ದಪ್ಪಗೆ ಎಷ್ಟು ಚೆಂದಾಗಿದ್ವು.”

ರಫ್ ಬುಕ್ ತೆಗೆದೆ. ಮೇ 31. ನಾಲ್ಕನೇ ಟ್ರೇ, 31. ನನ್ನದೇ ಅಕ್ಷರ. ಜೂನ್ 5ರಂದು 41. ಕೂಡಿಸಿದರೆ 72. ನಾನು ಕೂಡಿಸಿಯೇ ಇಲ್ಲ. ಮೊದಲ ಮೂರು ಕೂಡಿಸಿದ್ದೇನೆ. ನಾಲ್ಕನೆಯದಕ್ಕೆ ಬರುವಾಗ ಫೋನಿನಲ್ಲಿದ್ದೆ, ಇಂಗ್ಲಿಷ್ ಪದದ ಸ್ಪೆಲ್ಲಿಂಗ್ ತಂಗಿಗೆ ಹೇಳಿಕೊಡುತ್ತಾ.

ಸರಾಸರಿ 74. ಪಾಸು.

ಸರ್ ಇವತ್ತು ರಜೆ. ಸುಮಾಗೆ ತೋರಿಸಿದೆ. ಅವಳು ಹೇಳಿದಳು, “ಅಕ್ಕ, ರಫ್ ಬುಕ್ ಯಾರೂ ನೋಡಲ್ಲ. ಕಾಂಟ್ರಾಕ್ಟ್ ಆಗಿ ನಾಲ್ಕು ದಿನ ಆಗೈತೆ ಅಷ್ಟೇ.” ಕೆಟ್ಟವಳಲ್ಲ ಅವಳು. ನನಗಾಗಿ ಹೇಳಿದಳು.

ಚಿಕ್ಕತಿಮ್ಮಪ್ಪನವರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮೂರು ಸಲ.

ಜೂನ್ 10, ಮಂಗಳವಾರ

ಒಂದೇ ದಿನಕ್ಕೆ ಎಷ್ಟೊಂದು.

ಒಂಬತ್ತಕ್ಕೆ ಮುಂಚೆಯೇ ಸರ್ ರೂಮಿನ ಮುಂದೆ ನಿಂತಿದ್ದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ತಯಾರು ಮಾಡಿಕೊಂಡಿದ್ದೆ. ಕನ್ನಡದಲ್ಲಿ ಹೇಳಿದರೆ ಅತ್ತು ಬಿಡುತ್ತೇನೆ ಎಂದು ಭಯ. ರಫ್ ಬುಕ್ ಟೇಬಲ್ಲಿನ ಮೇಲಿಟ್ಟು ಹೇಳಿದೆ, “ಸರ್, ಐ ವಾಸ್ ನಾಟ್ ಡಿಲಿಜೆಂಟ್.”

ಅವರಿಗೆ ಅರ್ಥವಾಗಲಿಲ್ಲ. ಬೆರಳಿಟ್ಟು ತೋರಿಸಿದೆ. 31. ಆಮೇಲೆ ರಿಜಿಸ್ಟರಿನ 41. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದರು.

“ಮೂರು ಟ್ರೇ ಎಪ್ಪತ್ತರ ಮೇಲೆ, ಒಂದು ನಲವತ್ತೊಂದು. ಕಣ್ಣಿಗೆ ಹೊಡೀಬೇಕಿತ್ತು ನನಗೆ. ಯಮುನಾ ಬರೆದಿದ್ದು ಅಂತ ನೋಡದೆ ಸೈನ್ ಹಾಕಿದೀನಿ.”

ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ರಿಪೋರ್ಟ್ ಹೊರಗೆ ಹೋಗಿಬಿಟ್ಟಿದೆ, ಸುಮ್ಮನೆ ತಿದ್ದುವಂತಿಲ್ಲ. ಎತ್ತಿಟ್ಟ ಸ್ಯಾಂಪಲ್ಲಿನಿಂದ ಮತ್ತೆ ಟೆಸ್ಟ್ ಇಡಬೇಕು, ಹತ್ತು ದಿನ. “ನಿಮ್ಮ ಫೈಲಲ್ಲೂ ಬರೀಬೇಕಾಗುತ್ತೆ. ನನ್ನದರಲ್ಲೂ,” ಎಂದರು. ಬರೀರಿ ಸರ್ ಎಂದೆ. “ಮೊದಲು ಅವರ ಬೀಜ ಮಿಲ್ಲಿಗೆ ಹೋಗೋದು ತಡೀರಿ.”

ಹೊರಗೆ ಓಡಿದರೆ ಸ್ಟ್ಯಾಂಡಿನಲ್ಲಿ ಹನುಮೇಶ್ ಬಸ್ಸೇ ನಿಂತಿತ್ತು, ಧರ್ಮಪುರಕ್ಕೆ. ಡ್ರೈವರ್ ಸೀಟಿನ ಹಿಂದೆ ಕೂತೆ. ಹೇಳಿದೆ. ಪ್ರತಿ ಸ್ಟಾಪಿಗೂ ನಿಲ್ಲಿಸುತ್ತಾ ಹೋದರು.

“ಸ್ವಲ್ಪ ಜೋರಾಗಿ ಹೋಗ್ರಿ.”

“ರ್‍ಯಾಶ್ ಅಂಡ್ ನೆಗ್ಲಿಜೆಂಟ್ ಆಗ್ತೈತೆ. ಸುಮ್ನೆ ಕುಂತ್ಕ.” ಆದರೆ ಆಮೇಲೆ ಕಂಡಕ್ಟರಿಗೆ ಹೇಳಿ, ಚಿಕ್ಕತಿಮ್ಮಪ್ಪನವರ ಹಳ್ಳಿ ಗೇಟಿನಲ್ಲಿ ನಾನು ರಸ್ತೆ ದಾಟುವ ತನಕ ಬಸ್ ನಿಲ್ಲಿಸಿಕೊಂಡಿದ್ದರು.

ಮನೆ ಮುಂದೆ ಟೆಂಪೋ. ಅರ್ಧದಷ್ಟು ಚೀಲಗಳು ಆಗಲೇ ಮೇಲೇರಿದ್ದವು. ಏದುಸಿರು ಬಿಡುತ್ತಾ ಏನು ಹೇಳಿದೆನೋ ನೆನಪಿಲ್ಲ. “ಇಳಿಸ್ರಿ, ಇಳಿಸ್ರಿ” ಅಂದದ್ದು ಮಾತ್ರ ನೆನಪಿದೆ.

ಹೆಂಡತಿ ನಿಂಗಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ನಮ್ ಬೀಜ ಸತ್ತವೆ ಅಂತ ಊರೆಲ್ಲ ಆಡ್ಕಂಡಾಯ್ತು. ಈಗ ಬದುಕವೆ ಅಂತೀರಲ್ಲ. ಯಾರು ಎಣಿಸಿದ್ದು ಅದ್ನ?”

“ನಾನೇ.”

ಚೀಲ ಹೊತ್ತವನೂ ನಿಂತುಬಿಟ್ಟ. ಚಿಕ್ಕತಿಮ್ಮಪ್ಪ ಜೇಬಿನಿಂದ ಆ ಕಾಗದ ತೆಗೆದು ನನ್ನ ಕೈಗಿಟ್ಟರು. “ಇನ್ನೊಂದ್ ಸಲ ಎಣಿಸ್ತೀರಾ?”

“ಎಣಿಸ್ತೀವಿ. ಹತ್ತು ದಿನ ಕೊಡ್ರಿ. ಈ ಸಲ ನಾನು ಮುಟ್ಟಲ್ಲ, ಬೇರೆಯೋರು ಎಣಿಸ್ತಾರೆ.”

ಟೆಂಪೋ ಕಡೆ ತಿರುಗಿ, “ಇಳಿಸ್ರಪ್ಪ,” ಎಂದರು. ಅಷ್ಟೇ. ನೀರು ಕುಡೀರಿ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ. ಗೇಟಿಗೆ ನಡೆದು ಬಂದು ಬಸ್ಸಿಗೆ ಕಾದೆ. ಅಷ್ಟು ಹಸಿವು ಯಾವತ್ತೂ ಆಗಿರಲಿಲ್ಲ.

ಜೂನ್ 11, ಬುಧವಾರ

ಹೊಸ ಟ್ರೇ ಇಟ್ಟರು. ಸುಮಾ ಇಟ್ಟಳು, ಸರ್ ನಿಂತು ನೋಡಿದರು.

ಜೂನ್ 21, ಶನಿವಾರ

ಹತ್ತು ದಿನ ಇಲ್ಲಿ ಬರೆಯಲಿಲ್ಲ. ಬರೆದಿದ್ದರೆ ದಿನಾ ಒಂದೇ ಸಾಲು ಬರೆಯುತ್ತಿದ್ದೆ, ಮರಳಿನ ಮೇಲೆ ಇವತ್ತು ಎಷ್ಟು ಎದ್ದಿವೆ ಅಂತ. ಮುಟ್ಟದೆ, ಬಗ್ಗಿ ನೋಡಿ ಬರುತ್ತಿದ್ದೆ.

ಸುಮಾ ಎಣಿಸಿದಳು. ಸರ್ ಮತ್ತೆ ಎಣಿಸಿದರು. ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ. 74, 71, 75, 72. ಸರಾಸರಿ 73.

ಪಾಸು!

ಸುಮಾ ನನ್ನನ್ನು ತಬ್ಬಿಕೊಂಡಳು, ಕೈ ತುಂಬ ಮರಳು ಇಟ್ಟುಕೊಂಡೇ. ಚಿಕ್ಕತಿಮ್ಮಪ್ಪನವರಿಗೆ ಸರ್ ಫೋನ್ ಮಾಡಿದರು, ಸ್ಪೀಕರಿನಲ್ಲಿ. ಆ ಕಡೆಯಿಂದ ಅವರು ಜೋರಾಗಿ ಕೂಗಿದ್ದು ನಮಗಲ್ಲ, “ನಿಂಗೀ, ಏ ನಿಂಗೀ!”

ಆಮೇಲೆ ಸರ್ ನನ್ನ ಕೈಗೆ ಒಂದು ಫಾರ್ಮ್ ಕೊಟ್ಟರು. ಬರಗೇರಮ್ಮನದು. “ರಿಮಾರ್ಕ್ಸ್ ನೀವೇ ಬರೀರಿ. ಅವರ ಕೆಲಸ ನನಗಿಂತ ಚೆನ್ನಾಗಿ ನೋಡಿರೋದು ನೀವು.” ಇಂಗ್ಲಿಷಿನಲ್ಲಾ ಸರ್ ಎಂದೆ. ಹ್ಞೂಂ ಎಂದರು.

ಒಂದೇ ವಾಕ್ಯ. ಮೊದಲು ಪೆನ್ಸಿಲಿನಲ್ಲಿ ಬರೆದೆ. ಬರಗೇರಮ್ಮ ಈಸ್ ಎ ಡಿಲಿಜೆಂಟ್ ವರ್ಕರ್. ಓದಿದೆ. ಸುಳ್ಳಿಲ್ಲ ಒಂದು ಅಕ್ಷರವೂ. ಅದರ ಮೇಲೆ ಪೆನ್ನಿನಲ್ಲಿ ತಿದ್ದಿದೆ.

ಹೆಬ್ಬೆಟ್ಟು ಒತ್ತುವ ಮೊದಲು ಬರಗೇರಮ್ಮ ಕೇಳಿದರು, “ಏನಂತ ಬರ್ದೀಯವ್ವ? ಬೈದೀಯಾ?”

“ಇಲ್ಲ. ಕಣ್ಣಿಟ್ಟು ಕೆಲಸ ಮಾಡ್ತಾರೆ ಅಂತ.”

“ಕಣ್ಣಿಡ್ದೆ ಹೆಂಗ್ ಮಾಡ್ತಾರೆ ಕೆಲ್ಸಾನ?” ಎಂದು ಒತ್ತಿ, ಬೆರಳು ಸೀರೆಗೆ ಒರೆಸಿಕೊಂಡು ಬಕೆಟ್ ಎತ್ತಿಕೊಂಡು ಹೋದರು.

ನನ್ನ ಫೈಲಿನಲ್ಲಿ ಈಗ ಎರಡು ಕಾಗದ. ಒಂದರಲ್ಲಿ ಆ ಪದ, ಇನ್ನೊಂದರಲ್ಲಿ ನಾಲ್ಕನೇ ಟ್ರೇ. ಸರ್ ಯಾವುದನ್ನೂ ತೆಗೆದಿಲ್ಲ. ತೆಗೆಯಿರಿ ಎಂದು ನಾನೂ ಕೇಳಲಿಲ್ಲ. ಎರಡೂ ನನ್ನದೇ.

ನಿದ್ದೆ ಚೆನ್ನಾಗಿ ಬರುತ್ತದೆ ಇವತ್ತು.

ಜೂನ್ 29, ಭಾನುವಾರ. ಬೆಳಿಗ್ಗೆ 9.40

ಚಿಕ್ಕತಿಮ್ಮಪ್ಪನವರ ಹೊಲದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊನ್ನೆ ಆರಿದ್ರಾ ಮಳೆ ಹದವಾಗಿ ಬಂತು. ನಿನ್ನೆ ಸಂಜೆ ನಿಂಗಕ್ಕನೇ ಫೋನ್ ಮಾಡಿದ್ದರು. “ನಾಳೆ ಬಿತ್ತನೆ ಐತೆ, ಬರ್ರಿ.” ಬೇರೆ ಮಾತಿಲ್ಲ. ಇಟ್ಟುಬಿಟ್ಟರು. ಹನುಮೇಶ್ ಮೊದಲ ಟ್ರಿಪ್ಪಿನಲ್ಲೇ ಇಳಿಸಿ ಹೋದರು.

ಬಂದ ಕೂಡಲೇ ನಿಂಗಕ್ಕ ಚೊಂಬು ತುಂಬ ಮಜ್ಜಿಗೆ ಕೊಟ್ಟರು. ನಾನು ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದರು. “ಅವತ್ತು ನಿಮ್ಗೆ ನೀರೂ ಕೊಡ್ಲಿಲ್ಲ. ಮನಸಿಗೆ ಹತ್ಕಂಡ್ಬುಟ್ಟಿತ್ತು,” ಎಂದರು. ನನಗೂ, ಎಂದೆ. ಅವರು ಚೊಂಬು ಇಸಿದುಕೊಂಡು ಹೋದರು.

ಮಣ್ಣು ಕೆಂಪಗೆ, ಇನ್ನೂ ತಣ್ಣಗಿದೆ. ಎತ್ತು ಕಟ್ಟಿಯಾಗಿದೆ. ಕೂರಿಗೆಯ ಹಿಂದೆ ಬೀಜ ಬಿಡಲು ಮೂರು ಜನ ಹೆಂಗಸರು ಬೇಕು, ಇಬ್ಬರೇ ಬಂದಿದ್ದಾರೆ. ಚಿಕ್ಕತಿಮ್ಮಪ್ಪ ಈ ಕಡೆ ನೋಡುತ್ತಿದ್ದಾರೆ. ನಿಂಗಕ್ಕ ಮಡಿಲು ತುಂಬ ಬೀಜ ತುಂಬಿಕೊಂಡು ಕೈ ಬೀಸುತ್ತಿದ್ದಾರೆ, “ಪುಸ್ತಕ ಮಡಚ್ರೀ, ಬರ್ರಿ ಇತ್ಲಾಗೆ!” ನನಗೆ ಬಿತ್ತಲು ಬರುವುದಿಲ್ಲ, ಎಣಿಸಲಷ್ಟೇ ಬರುತ್ತದೆ ಎಂದು ಕೂಗಿ ಹೇಳಿದೆ. ಎಲ್ಲರೂ ನಗುತ್ತಿದ್ದಾರೆ. ಇರಲಿ, ಚಪ್ಪಲಿ ಬಿಟ್ಟು—