ಮೂಟೆ ಎತ್ತುವ ಪಾಠ

೭-೮-೨೦೦೨, ಬುಧವಾರ, ಬೆಳಿಗ್ಗೆ ೯

ವೃದ್ಧಾಶ್ರಮದ ಹನ್ನೆರಡೂ ಮುದುಕರನ್ನು ಎಬ್ಬಿಸಿ, ತೊಳೆಸಿ, ಕೂರಿಸಿ ಆಯಿತು. ನನ್ನ ಎಣಿಕೆಯಲ್ಲಿ ಎತ್ತಿದ್ದು ಹದಿನೇಳು ಸಲ. ಹನ್ನೊಂದು ರಾಜೀವಿಯದೇ. ಉಳಿದ ಆಯಾಗಳು ಬಕೆಟ್ ಹಿಡಿದು ಓಡಾಡುವುದರಲ್ಲಿ ಬಹಳ ಚುರುಕು.

ಕೊನೆಯದು ಸುಬ್ಬಲಕ್ಷ್ಮಿ ಅಜ್ಜಿ. ಮಂಚದಿಂದ ಕುರ್ಚಿಗೆ ಅರ್ಧ ದಾರಿ... ರಾಜೀವಿ "ಅಯ್ಯೋ" ಎಂದಳು, ಅಷ್ಟೇ. ಅಜ್ಜಿಯನ್ನು ಕುರ್ಚಿಗೆ ಮುಟ್ಟಿಸಿಯೇ ತಾನು ಕುಸಿದಳು. ನಾನು ಓಡಿದ್ದು ಅಜ್ಜಿಯ ಕಡೆಗೆ — ಸೂಪರ್‌ವೈಸರನ ಅಭ್ಯಾಸ.

ಅಜ್ಜಿ ಗದರಿದಳು, "ಆನು ಬಿದ್ದಿದ್ನಿಲ್ಲೆ ತಮಾ. ಬಿದ್ದಿದ್ದು ಈ ಕೂಸು. ಅದ್ರ ನೋಡು."

ಅದೇ ದಿನ, ಸಂಜೆ

ಡಾಕ್ಟರು ಹೇಳಿದ್ದು: ಡಿಸ್ಕ್. ಆರು ವಾರ ಮಲಗಬೇಕು. ಮುಂದೆಂದೂ ಭಾರ ಎತ್ತುವಂತಿಲ್ಲ.

ಆಟೋದಲ್ಲಿ ಕೇಳಿದಳು, "ನನ್ನ ಕೆಲ್ಸ ಬಿಡಿಸ್ತ್ರಾ ನಾಗಪ್ಪಣ್ಣ?"

ಇಡೀ ಶಿರಸಿಗೆ ಬುದ್ಧಿಮಾತು ಹೇಳುವವನು ನಾನು. ಆಟೋ ಮೀಟರ್ ನೋಡುತ್ತ ಕೂತೆ. ಅದಕ್ಕೆ ಮೀಟರೇ ಇರಲಿಲ್ಲ.

೧೧-೮

ಹಾಗೆ ಎತ್ತಲು ಕಲಿಸಿದ್ದು ನಾನೇ. ತೊಂಬತ್ನಾಲ್ಕನೇ ಇಸವಿ, ಆಶ್ರಮ ಶುರುವಾದ ವರ್ಷ. ಬಾಡಿಗೆ ಮನೆ, ಮೂವರು ಮುದುಕರು, ಆಯಾ ಅಂದರೆ ರಾಜೀವಿ ಒಬ್ಬಳೇ. ನಾನು ಅಡಿಕೆ ವಖಾರಿಯಲ್ಲಿ ಮೂಟೆ ಹೊತ್ತು ಬಂದವನು. ಹಮಾಲರಲ್ಲಿ ಒಂದು ಶಾಸ್ತ್ರ: ಒಬ್ಬನ ಮೂಟೆಗೆ ಇನ್ನೊಬ್ಬ ಕೈ ಹಾಕಿದರೆ ಅವಮಾನ. ಮೊಣಕಾಲು ಬಗ್ಗಿಸು, ಎದೆಗೆ ಅಪ್ಪು, ಒಂದೇ ಉಸಿರಿಗೆ ಏಳು. ಅದನ್ನೇ ಅವಳಿಗೂ ಹೇಳಿಕೊಟ್ಟೆ. ನನಗಿಂತ ಚೆನ್ನಾಗಿ ಕಲಿತಳು.

ಯಲ್ಲಾಪುರದ ಪಾರ್ವತವ್ವ ಇದ್ದಳು ಆಗ. ನಾಲ್ಕು ಗಂಟೆಯ ತನ್ನೂರಿನ ಬಸ್ಸು ಕಾಣದೆ ಚಹಾ ಮುಟ್ಟಳು. ರಾಜೀವಿ ಎತ್ತಿಕೊಂಡು ಕಿಟಕಿಗೆ ಓಡುವಳು. ಡ್ರೈವರ್ ನೂರ್ ಅಹ್ಮದ್ ಇವರಿಗೆಂದೇ ಒಂದು ಹಾರ್ನ್ ಹೊಡೆಯುವನು. "ನಮ್ಮ ಬಸ್ ಹೋತು, ಇನ್ನ ಚಾ ತಾ" ಎನ್ನುವಳು ಮುದುಕಿ, ರಾಜೀವಿಯ ಹೆಗಲ ಮೇಲಿಂದಲೇ. ನಾವು ಮೂವರೂ ನಗುತ್ತಿದ್ದೆವು... ಎಷ್ಟು ಸಲ ಎತ್ತಿದಳೆಂದು ಆಗ ಯಾರು ಎಣಿಸಿದರು? ನಾನೂ ಇಲ್ಲ.

೨೪-೮, ಶನಿವಾರ

ಕಮಿಟಿ ಸಭೆ. ಅಧ್ಯಕ್ಷ ಶಂಕ್ರಪ್ಪನವರು ಟೈಪ್ ಮಾಡಿಸಿದ ಕಾಗದ ತಂದಿದ್ದರು — ರಾಜೀವಿ ತನ್ನ ಮನೆಯಲ್ಲಿ ಜಾರಿ ಬಿದ್ದಳು, ಆಶ್ರಮ ಹೊಣೆಯಲ್ಲ, ಅವಳ ಬದಲು ಬೇರೆಯವರು. ಕೆಳಗೆ ನನ್ನ ಸಹಿಗೆ ಜಾಗ.

"ಸಹಿ ಹಾಕ್ರಿ. ಎಲ್ಲಾರಿಗೂ ಚಲೋ."

"ಬಿದ್ದಿದ್ದು ಇಲ್ಲೇರಿ. ಎತ್ತೂದು ಕಲಿಸಿದವ ನಾನು. ಬಿಡಿಸೂದಾದ್ರೆ ಮೊದಲು ನನ್ನ ಬಿಡಿಸ್ರಿ."

"ನಾಗಪ್ಪ, ತಲೆ ನೆಟ್ಟಗೈತೇನು?"

"ಐತ್ರಿ. ಸೊಂಟಾನೂ ಐತಿ. ಆ ಮಂಚದ ಮೇಲೆ ಮಲಗ್ರಿ, ಒಬ್ಬನೇ ಎತ್ತಿ ತೋರಿಸ್ತೀನಿ. ಮುಂಜಾನೆಗೆ ಹನ್ನೊಂದು ಸಲ."

ತೊಂಬತ್ತು ಕಿಲೋ ಆಸಾಮಿ. ಮಲಗಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟು ಠರಾವು ಬರೆಸಿದರು: ಇಬ್ಬರಿಲ್ಲದೆ ಯಾರನ್ನೂ ಎತ್ತಕೂಡದು. ಆಯಾಗಳಿಗೆ ಕಲಿಸುವ ಕೆಲಸ ರಾಜೀವಿಗೆ.

೩೦-೯, ಸೋಮವಾರ

ರಾಜೀವಿ ಬಂದಳು. ಸೊಂಟಕ್ಕೆ ಬೆಲ್ಟು. ಹೊಸ ಆಯಾಗಳಿಬ್ಬರಿಗೆ ಇಂದೇ ಮೊದಲ ಪಾಠ. ಕಲಿಯಲು ಒಂದು ಭಾರ ಬೇಕಲ್ಲ — ನಾನೇ ಮಲಗಿದೆ. ಕಂಬಳಿಯ ಎರಡೂ ಅಂಚು ಹಿಡಿದು ಎತ್ತಿದರು. ನೆಲ ದೂರವಾಯಿತು. ಎಷ್ಟು ಸಾವಿರ ಮೂಟೆ ಎತ್ತಿದ್ದೇನೋ. ನನ್ನನ್ನು ಯಾರಾದರೂ ಎತ್ತಿದ ನೆನಪಿಲ್ಲ. ಕೈ ತಾನಾಗಿ ಹೋಗಿ ಪಕ್ಕದಲ್ಲಿ ನಿಂತಿದ್ದ ರಾಜೀವಿಯ ಮುಂಗೈ ಹಿಡಿಯಿತು.

"ಹೆದರ್ಬೇಡಿ ನಾಗಪ್ಪಣ್ಣ. ಅಜ್ಜೀರೆಲ್ಲ ದಿನಾ ಹಿಂಗೇ ಹಿಡ್ಕಳ್ತಿದ್ರು."

ಇಳಿಸಿದ ಮೇಲೂ ನಾನು ಬಿಟ್ಟಿರಲಿಲ್ಲ. ಆಯಾಗಳು ನಕ್ಕರು. ನಾನೂ ನಗೋಣವೆಂದರೆ ಬಂದದ್ದು ಅಳು.